ಪರೀಕ್ಷೆಗೆ ಓದುವವನು ಎಂಬುದನ್ನು ಬಿಟ್ಟರೆ ನಾನು ಯಾರು?

ಸಪ್ತಾಪುರದವ

ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೊಠಡಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ವಯಸ್ಸು ಮೂವತ್ತು ದಾಟಿದೆ. ಊರು ಗದಗ ಜಿಲ್ಲೆಯ ಒಂದು ಹಳ್ಳಿ. ಮನೆಯಲ್ಲಿ ಮಳೆಯನ್ನೇ ನಂಬಿದ ಬೇಸಾಯ. ಪದವಿ ಮುಗಿದಂದಿನಿಂದ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಅಧಿಸೂಚನೆ ಬಂದ ಹಾಗೆಲ್ಲ ಅರ್ಜಿ ಹಾಕುತ್ತ, ಬರೆಯುತ್ತ, ಫಲಿತಾಂಶಕ್ಕೆ ಕಾಯುತ್ತ ಬಂದಿದ್ದೇನೆ.

ಇತ್ತೀಚೆಗೆ ಇಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಅಣಕು ಸಂದರ್ಶನ ನಡೆಯಿತು. ಅದಕ್ಕೆ ಮೊದಲು ತುಂಬಬೇಕಾದ ನಮೂನೆಯಲ್ಲಿ ಹವ್ಯಾಸ, ಮೆಚ್ಚಿನ ವಿಷಯ, ಸ್ವಭಾವದ ಬಲ ಮತ್ತು ದೌರ್ಬಲ್ಯ ಎಂಬ ಅಂಕಣಗಳಿದ್ದವು. ಸಂವಿಧಾನದ ವಿಧಿಗಳನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲ ನಾನು ಆ ಅಂಕಣಗಳ ಮುಂದೆ ಪೆನ್ನು ಹಿಡಿದು ಸುಮ್ಮನೆ ಕುಳಿತುಬಿಟ್ಟೆ. ಕೊನೆಗೆ ಪಕ್ಕದವನ ನಮೂನೆಯಲ್ಲಿದ್ದ ‘ಪತ್ರಿಕೆ ಓದುವುದು, ಬೆಳಗಿನ ನಡಿಗೆ’ ಎಂಬುದನ್ನೇ ಇಳಿಸಿಕೊಂಡೆ. ಅವನೂ ಅದನ್ನು ಮತ್ತೊಬ್ಬನಿಂದ ಇಳಿಸಿಕೊಂಡಿದ್ದ ಎಂದು ಆಮೇಲೆ ತಿಳಿಯಿತು.

ಆ ದಿನ ಕೊಠಡಿಯಲ್ಲಿ ಇದನ್ನು ಹೇಳಿಕೊಂಡು ಎಲ್ಲರೂ ನಕ್ಕೆವು. ಆದರೆ ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಫಲಿತಾಂಶ ಬಂದಾಗ ಉಂಟಾಗುವ ನಿರಾಸೆ ನನಗೆ ಪರಿಚಿತ. ಇದು ಆ ಜಾತಿಯದಲ್ಲ. ಆಯ್ಕೆಯಾಗದಿದ್ದರೆ ಏನು ಎಂಬ ಚಿಂತೆಗಿಂತ, ಆಯ್ಕೆಯಾಗಬೇಕೆಂದು ಬಯಸುತ್ತಿರುವವನು ಯಾರು ಎಂಬುದೇ ತಿಳಿಯದಂತಾಗಿದೆ. ಮಾನಸಿಕ ಆರೋಗ್ಯ ಚೆನ್ನಾಗಿರಬೇಕಾದರೆ ನಿಮ್ಮನ್ನು ನೀವು ಅರಿತುಕೊಳ್ಳಿ ಎಂದು ಭಾಷಣಕ್ಕೆ ಬಂದವರೆಲ್ಲ ಹೇಳಿ ಹೋಗುತ್ತಾರೆ. ದಿನನಿತ್ಯದ ಬದುಕಿನಲ್ಲಿ ಆ ಅರಿತುಕೊಳ್ಳುವ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಬಯಲುಸೀಮೆ

ಮೊದಲು ಆಯ್ಕೆಪಟ್ಟಿಯಲ್ಲಿ ಹೆಸರು ಬರಲಿ. ನೀವು ಯಾರು ಎಂಬುದನ್ನು ಆಮೇಲೆ ಊರೇ ಹೇಳುತ್ತದೆ.

ಹಳೆಯ ಅಭ್ಯರ್ಥಿ

ಬಯಲುಸೀಮೆಯವರೇ, ಊರು ಹೇಳುವುದು ಹುದ್ದೆಯ ಹೆಸರನ್ನು ಮಾತ್ರ. ನನ್ನ ಹೆಸರು ಪಟ್ಟಿಯಲ್ಲಿ ಬಂದಿತು. ಈಗ ತಾಲ್ಲೂಕು ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದೇನೆ. ಹಾರ, ಶಾಲು, ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎಲ್ಲವೂ ಆದವು. ಆದರೆ ಕೆಲಸಕ್ಕೆ ಸೇರಿದ ಮೇಲೆ ಭಾನುವಾರ ಬಂದರೆ ಏನು ಮಾಡಬೇಕೆಂದು ತೋಚದೆ, ಮತ್ತೊಂದು ಪರೀಕ್ಷೆಗೆ ಅರ್ಜಿ ಹಾಕಿ ಅದೇ ಹಳೆಯ ನೋಟ್ಸ್ ತೆರೆದು ಕುಳಿತೆ. ಆ ಮೇಲಿನ ಹುದ್ದೆ ನನಗೆ ಬೇಕಾಗಿತ್ತೇ ಎಂದು ಕೇಳಿದರೆ ಬೇಕಾಗಿರಲಿಲ್ಲ. ಓದುವವನಾಗಿ ಬದುಕುವುದನ್ನು ಬಿಟ್ಟರೆ ಬೇರೆ ರೀತಿಯಲ್ಲಿ ಬದುಕುವುದು ಗೊತ್ತಿರಲಿಲ್ಲ, ಅಷ್ಟೆ. ಆದ್ದರಿಂದ ಪಾಸಾದ ಮೇಲೆ ಎಲ್ಲವೂ ಸರಿಹೋಗುತ್ತದೆ ಎಂದು ಈ ಪ್ರಶ್ನೆಯನ್ನು ಮುಂದೂಡಬೇಡಿ.

ಸಮಾಲೋಚಕಿ, ಹುಬ್ಬಳ್ಳಿ

ನನ್ನ ಬಳಿಗೆ ಬರುವ ಅಭ್ಯರ್ಥಿಗಳಲ್ಲಿ ಅನೇಕರು ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾರೆ. ಅಸ್ಮಿತೆಯ ಬಿಕ್ಕಟ್ಟು, ಅಂದರೆ ತಾನು ಯಾರೆಂಬುದೇ ತಿಳಿಯದ ಗೊಂದಲ, ಎಂಬ ಕಲ್ಪನೆಯನ್ನು ಪ್ರಚಾರಕ್ಕೆ ತಂದವರು ಮನೋವಿಶ್ಲೇಷಕ ಎರಿಕ್ ಎರಿಕ್ಸನ್. ಹೆತ್ತ ತಂದೆ ಯಾರೆಂದು ತಿಳಿಯದೆ, ಮಲತಂದೆಯ ಮನೆತನದ ಹೆಸರಿನಲ್ಲಿ ಜರ್ಮನಿಯಲ್ಲಿ ಬೆಳೆದ ಅವರು ಅಮೆರಿಕದ ಪೌರತ್ವ ಪಡೆದಾಗ ‘ಎರಿಕ್ಸನ್’ ಎಂಬ ಹೆಸರನ್ನು ತಾವೇ ಆರಿಸಿಕೊಂಡರು. ಹಾಗಾಗಿ ಈ ಪ್ರಶ್ನೆ ಅವರಿಗೆ ಕೇವಲ ಪುಸ್ತಕದ್ದಾಗಿರಲಿಲ್ಲ ಎಂಬುದು ನನ್ನ ಊಹೆ.

ಅವರ ವಿಚಾರವನ್ನು ಮುಂದುವರಿಸಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯ 1966ರಲ್ಲಿ ಎರಡು ಸರಳ ಪ್ರಶ್ನೆಗಳನ್ನು ಇಟ್ಟುಕೊಂಡರು. ಈ ವ್ಯಕ್ತಿ ಬದುಕಿನ ಆಯ್ಕೆಗಳನ್ನು ತಾನಾಗಿ ಪರಿಶೀಲಿಸಿ ನೋಡಿದ್ದಾನೆಯೇ, ಮತ್ತು ಯಾವುದಾದರೂ ಒಂದಕ್ಕೆ ಬದ್ಧನಾಗಿದ್ದಾನೆಯೇ ಎಂಬುದು. ಪರಿಶೀಲಿಸಿ ಬದ್ಧರಾದವರು ಒಂದು ಬಗೆ. ಇನ್ನೂ ಹುಡುಕುತ್ತಿರುವವರು ಇನ್ನೊಂದು ಬಗೆ. ಹುಡುಕಾಟವೂ ಇಲ್ಲದೆ ಬದ್ಧತೆಯೂ ಇಲ್ಲದೆ ತೇಲುತ್ತಿರುವವರು ಮತ್ತೊಂದು ಬಗೆ. ನಾಲ್ಕನೆಯ ಬಗೆಯವರು ಏನನ್ನೂ ಹುಡುಕಿ ನೋಡದೆ, ಮನೆಯವರೋ ಮೇಷ್ಟ್ರೋ ತೋರಿಸಿದ ದಾರಿಗೆ ಗಟ್ಟಿಯಾಗಿ ಬದ್ಧರಾದವರು. ಇವರು ಹೊರಗಿನಿಂದ ಬಹಳ ಗುರಿಯುಳ್ಳವರಂತೆ ಕಾಣುತ್ತಾರೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದಾಗ ‘ಇವನು ಸಾಹೇಬನಾಗುತ್ತಾನೆ’ ಎಂದು ಯಾರೋ ಹೇಳಿದ ಮಾತಿನ ಮೇಲೆಯೇ ಮುಂದಿನ ಹದಿನೈದು ವರ್ಷ ನಿಂತಿರುತ್ತದೆ.

ಪ್ರಶ್ನೆ ಕೇಳಿದವರು ಬಹುಶಃ ಈ ನಾಲ್ಕನೆಯ ಸ್ಥಿತಿಯಿಂದ ಹುಡುಕಾಟದ ಸ್ಥಿತಿಗೆ ಈಗ ಕಾಲಿಡುತ್ತಿದ್ದಾರೆ. ಅದು ಕಷ್ಟದ ಕಾಲ, ಆತಂಕ ಹೆಚ್ಚಾಗುವ ಕಾಲ. ಆದರೆ ಅದು ಕಾಯಿಲೆಯಲ್ಲ.

ಸಂಶಯಾತ್ಮ

ಮಾರ್ಸಿಯ ಅವರು ಮಾತನಾಡಿಸಿದ್ದು ಅಮೆರಿಕದ ಕಾಲೇಜೊಂದರ ಗಂಡು ವಿದ್ಯಾರ್ಥಿಗಳನ್ನು ಎಂಬುದನ್ನು ಸಮಾಲೋಚಕಿಯವರು ಹೇಳಲಿಲ್ಲ. ನಮ್ಮಲ್ಲಿ ಹೊಸಬರು ಊರಿಗೆ ಬಂದರೆ ಕೇಳುವ ಮೊದಲ ಪ್ರಶ್ನೆ ‘ಯಾರ ಪೈಕಿ?’ ಎಂಬುದು. ಮನೆ, ಜಾತಿ, ಊರು, ಕುಲದೇವರು ಎಲ್ಲವೂ ಹುಟ್ಟುವ ಮೊದಲೇ ನಿಶ್ಚಯವಾಗಿರುವ ಸಮಾಜದಲ್ಲಿ, ಮನೆಯವರು ತೋರಿಸಿದ ದಾರಿ ಹಿಡಿದವನನ್ನು ಅಪಕ್ವನೆಂದು ತೀರ್ಮಾನಿಸುವುದು ಸರಿಯೇ?

ಸಮಾಲೋಚಕಿ, ಹುಬ್ಬಳ್ಳಿ

ಆಕ್ಷೇಪಣೆ ನ್ಯಾಯವಾದದ್ದು. ಮನೆಯವರ ದಾರಿ ಹಿಡಿಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಎಷ್ಟೋ ಜನ ಹಾಗೆಯೇ ಸುಖವಾಗಿದ್ದಾರೆ. ಆ ದಾರಿ ಮುಚ್ಚಿಹೋದ ದಿನ ಏನಾಗುತ್ತದೆ ಎಂಬುದಷ್ಟೇ ನನ್ನ ಚಿಂತೆ. ವಯೋಮಿತಿ ಮೀರಿದ ಅಭ್ಯರ್ಥಿಗೆ ಆ ದಿನ ದಿನಾಂಕ ಸಮೇತ ಗೊತ್ತಿರುತ್ತದೆ.

ನಿವೃತ್ತ ಮೇಷ್ಟ್ರು

ಪಾಶ್ಚಾತ್ಯರ ನಾಲ್ಕು ಸ್ಥಿತಿಗಳು ನಮಗೇಕೆ? ಯಾರು ಸ್ವರ್ಗಕ್ಕೆ ಹೋಗಬಲ್ಲರು ಎಂದು ಕೇಳಿದಾಗ ಕನಕದಾಸರು ‘ನಾನು ಹೋದರೆ ಹೋದೇನು’ ಎಂದ ಪ್ರಸಂಗವನ್ನು ನಾವೆಲ್ಲ ಬಾಲ್ಯದಲ್ಲೇ ಕೇಳಿದ್ದೇವೆ. ನಾನು ಎಂಬುದು ಹೋದರೆ ಸಂಕಟವೇ ಇಲ್ಲ. ಇಂದಿನ ಯುವಕರು ನಾನು ಯಾರು, ನನ್ನ ಗುರುತೇನು, ನನ್ನ ಇಷ್ಟವೇನು ಎಂದು ಆ ‘ನಾನು’ವನ್ನೇ ಸಾಕಿ ಸಲಹುತ್ತಿದ್ದಾರೆ. ರೋಗವನ್ನೇ ಔಷಧಿ ಎಂದು ಕುಡಿದರೆ ವಾಸಿಯಾಗುವುದು ಹೇಗೆ?

ಮಲೆನಾಡ ಸೊಸೆ

ಮೇಷ್ಟ್ರೇ, ತಮ್ಮ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ. ಆ ಪ್ರಸಂಗದಲ್ಲಿ ಹೋಗಬೇಕಾದದ್ದು ಅಹಂಕಾರ. ಮೊದಲಿನಿಂದಲೂ ‘ನಾನು’ ಎಂದು ಹೇಳಲು ಅವಕಾಶವೇ ಸಿಗದವರಿಗೆ ಅದನ್ನು ಬಿಟ್ಟುಬಿಡು ಎಂದು ಉಪದೇಶಿಸಿದರೆ ಅವರು ಬಿಡುವುದಾದರೂ ಏನನ್ನು?

ಮದುವೆಯ ಮಂಟಪದಲ್ಲಿ ಅಕ್ಕಿ ತುಂಬಿದ ತಟ್ಟೆಯ ಮೇಲೆ ಉಂಗುರದಿಂದ ನನ್ನ ಹೊಸ ಹೆಸರನ್ನು ಬರೆಸಿದರು. ಆ ಹೆಸರನ್ನು ಆರಿಸಿದ್ದು ಅತ್ತೆಯವರು. ಎರಿಕ್ಸನ್ ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು ಎಂದು ಓದಿದಾಗ ನನಗೆ ನೆನಪಾದದ್ದು ಅದೇ ತಟ್ಟೆ. ಇಂದಿಗೂ ಅಂಕಪಟ್ಟಿಯಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು. ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕಲು ಹೊರಟಾಗ ಇಬ್ಬರೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕಾಯಿತು. ನೋಟರಿಯವರ ಎದುರು ಸಹಿ ಹಾಕುವಾಗ ಯಾವ ಹೆಸರಿನಲ್ಲಿ ಹಾಕಲಿ ಎಂದು ಕೇಳಿದೆ. ಅವರು ‘ಎರಡರಲ್ಲೂ ಹಾಕಿ’ ಎಂದರು.

ಅಲ್ಲದೆ ಖಿನ್ನತೆಯಲ್ಲಿರುವ ವ್ಯಕ್ತಿ ತಾನು ಯಾವುದಕ್ಕೂ ಬಾರದವನೆಂದು ಆಗಲೇ ನಂಬಿರುತ್ತಾನೆ. ಅವನ ಎದುರು ನಾನು ಎಂಬುದನ್ನು ಅಳಿಸಿಬಿಡು ಎಂದು ಹೇಳುವ ಮುನ್ನ ದಯವಿಟ್ಟು ಯೋಚಿಸಬೇಕು.

ನಿವೃತ್ತ ಮೇಷ್ಟ್ರು

ಕೊನೆಯ ಮಾತನ್ನು ಒಪ್ಪುತ್ತೇನೆ. ಆದರೆ ಸದಾ ತನ್ನನ್ನೇ ತಾನು ನೋಡಿಕೊಳ್ಳುವುದರಿಂದ ಮನಸ್ಸು ಹಗುರಾಗುತ್ತದೆ ಎಂಬುದನ್ನು ಈಗಲೂ ಒಪ್ಪಲಾರೆ.

ಸಪ್ತಾಪುರದವ

ಮೇಷ್ಟ್ರು ಹೇಳಿದ್ದರಲ್ಲಿ ಒಂದಂಶ ನನ್ನ ಅನುಭವಕ್ಕೆ ಬಂದಿದೆ. ರಾತ್ರಿ ದೀಪ ಆರಿಸಿದ ಮೇಲೆ ನಾನು ಯಾರು, ನಾನೇಕೆ ಹೀಗಾದೆ, ನನ್ನ ಜೊತೆಯವರೆಲ್ಲ ಮುಂದೆ ಹೋದರೂ ನಾನೇಕೆ ಇಲ್ಲೇ ಉಳಿದೆ ಎಂದು ಆಲೋಚಿಸುತ್ತ ಮಲಗಿರುತ್ತೇನೆ. ಇದೇ ಆತ್ಮಾವಲೋಕನ ಎಂದುಕೊಂಡಿದ್ದೆ. ಆದರೆ ಬೆಳಗ್ಗೆ ಎದ್ದಾಗ ಹೊಸದಾಗಿ ತಿಳಿದದ್ದು ಏನೂ ಇರುವುದಿಲ್ಲ, ತಲೆ ಮಾತ್ರ ಭಾರವಾಗಿರುತ್ತದೆ.

ಸಮಾಲೋಚಕಿ, ಹುಬ್ಬಳ್ಳಿ

ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಈ ಪ್ರತಿಕ್ರಿಯೆ. ನೀವು ವಿವರಿಸುತ್ತಿರುವುದು ಅವಲೋಕನವಲ್ಲ, ಮೆಲುಕು. ಟ್ರಾಪ್ನೆಲ್ ಮತ್ತು ಕ್ಯಾಂಬೆಲ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ತನ್ನ ಬಗ್ಗೆ ಕುತೂಹಲದಿಂದ ಯೋಚಿಸುವುದು ಒಂದು, ಭಯದಿಂದಲೋ ನಷ್ಟದ ಭಾವದಿಂದಲೋ ಯೋಚಿಸುವುದು ಇನ್ನೊಂದು. ಎರಡರಲ್ಲೂ ಮನುಷ್ಯ ತನ್ನ ಕಡೆಗೇ ನೋಡುತ್ತಿರುತ್ತಾನೆ, ಆದ್ದರಿಂದ ಒಳಗಿರುವವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೆಲುಕು ಹಾಕುವ ಅಭ್ಯಾಸ ಖಿನ್ನತೆಯನ್ನು ಹೆಚ್ಚಿಸುತ್ತದೆ, ದೀರ್ಘಗೊಳಿಸುತ್ತದೆ ಎಂಬುದನ್ನು ಸೂಸನ್ ನೋಲೆನ್-ಹೋಕ್ಸೆಮಾ ತಮ್ಮ ಜೀವಮಾನದ ಸಂಶೋಧನೆಯಲ್ಲಿ ಪದೇ ಪದೇ ಕಂಡರು. ಮೇಷ್ಟ್ರ ಸಂಶಯಕ್ಕೆ ಆಧಾರವಿದೆ. ಅವರು ನಿಲ್ಲಿಸಬೇಕೆನ್ನುವುದನ್ನು ನಾನು ಬದಲಿಸಬೇಕೆನ್ನುತ್ತೇನೆ.

ಏಕೆ ಎಂಬ ಪ್ರಶ್ನೆಯನ್ನು ಕೆಲವು ದಿನ ಬದಿಗಿಡಿ. ನಾನೇಕೆ ಹೀಗೆ ಎಂದು ಕೇಳಿದರೆ ಮನಸ್ಸು ತನಗೆ ತೋಚಿದ ಕಾರಣವನ್ನು ಕಟ್ಟಿ ಕೊಡುತ್ತದೆ, ಅದು ನಿಜವಾಗಿರಬೇಕೆಂದೇನೂ ಇಲ್ಲ. ಅದರ ಬದಲು ನಡೆದದ್ದನ್ನು ಗಮನಿಸಿ. ಇಂದು ಯಾವ ಹೊತ್ತಿನಲ್ಲಿ ಸಿಟ್ಟು ಬಂದಿತು? ಯಾರ ಮಾತಿಗೆ? ಆಗ ದೇಹದಲ್ಲಿ ಏನಾಯಿತು? ಓದುವಾಗ ಯಾವ ವಿಷಯಕ್ಕೆ ಬಂದರೆ ಗಡಿಯಾರ ನೋಡುವುದು ಮರೆತುಹೋಗುತ್ತದೆ? ಇತ್ತೀಚೆಗೆ ನನ್ನಲ್ಲಿಗೆ ಬಂದ ಒಬ್ಬರು ಹೀಗೆ ಬರೆಯುತ್ತ ಹೋದಾಗ, ತಮಗೆ ಅಸೂಯೆ ಹುಟ್ಟುತ್ತಿದ್ದುದು ಅಧಿಕಾರಿಗಳಾದ ಗೆಳೆಯರ ಮೇಲೆ ಅಲ್ಲ, ಊರಿನಲ್ಲಿ ಹಿಟ್ಟಿನ ಗಿರಣಿ ಹಾಕಿದ ತಮ್ಮನ ಮೇಲೆ ಎಂಬುದನ್ನು ಕಂಡುಕೊಂಡರು. ಒಂದು ಅಸೂಯೆಯಿಂದ ತಮ್ಮ ಬಗ್ಗೆ ತಿಳಿದಷ್ಟು ಅವರಿಗೆ ವರ್ಷಗಟ್ಟಲೆ ಯೋಚಿಸಿದರೂ ತಿಳಿದಿರಲಿಲ್ಲ.

ಬಯಲುಸೀಮೆ

ಹಾಗಾದರೆ ಅವರು ಗಿರಣಿ ಹಾಕಿದರೇ?

ಸಮಾಲೋಚಕಿ, ಹುಬ್ಬಳ್ಳಿ

ಇಲ್ಲ, ಇನ್ನೂ ಓದುತ್ತಿದ್ದಾರೆ. ಆದರೆ ಈಗ ನಿದ್ದೆ ಬರುತ್ತಿದೆ.

ಹಳೇ ಕೋಡರ್

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಕಳೆದುಕೊಂಡವರ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯನ್ನು ಹಿಂದಿರುಗಿಸಿದ ದಿನ, ಗುರುತನ್ನೂ ಅದರ ಜೊತೆಗೇ ಕೊಟ್ಟು ಬಂದಂತಾಗುತ್ತದೆ. ಪೆಟ್ರೀಷಿಯಾ ಲಿನ್‌ವಿಲ್ ಎಂಬ ಸಂಶೋಧಕಿ 1985ರಲ್ಲಿ ಒಂದು ವಿಚಾರ ಮಂಡಿಸಿದರು: ತನ್ನನ್ನು ತಾನು ಹಲವು ಪಾತ್ರಗಳಲ್ಲಿ, ಒಂದಕ್ಕೊಂದು ಅಷ್ಟಾಗಿ ಅಂಟಿಕೊಳ್ಳದ ಹಲವು ಬಗೆಗಳಲ್ಲಿ ಕಾಣಬಲ್ಲವನು ಒಂದು ಸೋಲಿನಿಂದ ಪೂರ್ತಿಯಾಗಿ ಕುಸಿಯುವುದಿಲ್ಲ. ಇಡೀ ಮನೆಯನ್ನು ಒಂದೇ ಕಂಬದ ಮೇಲೆ ನಿಲ್ಲಿಸಿದರೆ ಆ ಕಂಬಕ್ಕೆ ಗೆದ್ದಲು ಹಿಡಿದ ದಿನ ಮನೆ ಉಳಿಯದು. ನಾನು ಯಾರು ಎಂದು ಕೇಳಿಕೊಳ್ಳುವ ಬದಲು, ಕೆಲಸವಲ್ಲದೆ ಇನ್ನೇನೇನಾಗಿದ್ದೇನೆ ಎಂದು ಕೇಳಿಕೊಳ್ಳುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಮಲೆನಾಡ ಸೊಸೆ

ಹಲವು ಪಾತ್ರಗಳಿದ್ದರೆ ನೆಮ್ಮದಿ ಎನ್ನುವುದಾದರೆ ಈ ರಾಜ್ಯದ ಸೊಸೆಯಂದಿರೆಲ್ಲ ಪರಮ ಸುಖಿಗಳಾಗಿರಬೇಕಿತ್ತು. ಹೆಂಡತಿ, ತಾಯಿ, ಸೊಸೆ, ನಾದಿನಿ, ಅಭ್ಯರ್ಥಿ ಎಲ್ಲವೂ ನಾನೇ. ಪಾತ್ರಗಳ ಸಂಖ್ಯೆ ಮುಖ್ಯವಲ್ಲ. ಅವುಗಳಲ್ಲಿ ಒಂದನ್ನಾದರೂ ನಾನೇ ಆರಿಸಿಕೊಂಡಿದ್ದೇನೆಯೇ ಎಂಬುದು ಮುಖ್ಯ.

ಹಳೇ ಕೋಡರ್

ಒಪ್ಪಿದೆ. ಲಿನ್‌ವಿಲ್ ಅವರ ವಿಚಾರವನ್ನು ಆಮೇಲೆ ಪರೀಕ್ಷಿಸಿದವರಿಗೂ ಎಲ್ಲ ಕಡೆ ಒಂದೇ ಫಲ ಸಿಗಲಿಲ್ಲ. ತನ್ನ ಹಿಡಿತದಲ್ಲಿಲ್ಲದ ಪಾತ್ರಗಳು ಹೆಚ್ಚಾದಷ್ಟೂ ಹೊರೆ ಹೆಚ್ಚುತ್ತದೆ ಎಂಬ ವಾದವೂ ಇದೆ.

ಸಂಶಯಾತ್ಮ

ಎಲ್ಲರೂ ಮನಸ್ಸಿನ ಒಳಗೇ ಸುತ್ತುತ್ತಿದ್ದೀರಿ. ಹೊರಗೂ ಒಮ್ಮೆ ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರಲ್ಲಿ. ಆ ಅವಧಿಯಲ್ಲಿ ಸಾವಿರಾರು ಯುವಕರು ಏನೂ ಅಲ್ಲದವರಾಗಿ ಬದುಕಿದರು. ಇದು ಅಸ್ಮಿತೆಯ ಸಮಸ್ಯೆಯೋ, ನಿರುದ್ಯೋಗದ ಸಮಸ್ಯೆಯೋ? ಕೆಲಸ ಕೊಡದ ವ್ಯವಸ್ಥೆ ಯುವಕನಿಗೆ ‘ನಿನ್ನೊಳಗೆ ನೋಡಿಕೋ’ ಎಂದು ಹೇಳುವುದು ಅನುಕೂಲಕರವಾದ ಉಪದೇಶ.

ಹಳೆಯ ಅಭ್ಯರ್ಥಿ

ಇದನ್ನು ಯಾರಾದರೂ ಹೇಳಲೆಂದು ಕಾಯುತ್ತಿದ್ದೆ.

ಸಮಾಲೋಚಕಿ, ಹುಬ್ಬಳ್ಳಿ

ಸಂಶಯಾತ್ಮರಿಗೆ ನನ್ನ ಉತ್ತರ, ಎರಡೂ ಹೌದು. ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಊರಿನಲ್ಲಿ 1930ರ ಸುಮಾರಿಗೆ ಇದ್ದ ಒಂದೇ ಜವಳಿ ಕಾರ್ಖಾನೆ ಮುಚ್ಚಿದಾಗ, ಮರೀ ಯಹೋದಾ ಮತ್ತು ಅವರ ಸಂಗಡಿಗರು ಅಲ್ಲಿಯೇ ಉಳಿದು ಜನಜೀವನವನ್ನು ಅಭ್ಯಸಿಸಿದರು. ಅವರ ವರದಿ 1933ರಲ್ಲಿ ಪ್ರಕಟವಾಯಿತು. ಕೆಲಸವಿಲ್ಲದವರಿಗೆ ಸಮಯ ಬೇಕಾದಷ್ಟಿತ್ತು, ಆದರೂ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಹೆಚ್ಚುವ ಬದಲು ಬಹಳಷ್ಟು ಕುಸಿಯಿತು. ಬೀದಿಯಲ್ಲಿ ಗಂಡಸರ ನಡಿಗೆಯೇ ನಿಧಾನವಾಯಿತು. ಇಡೀ ದಿನ ಏನು ಮಾಡಿದಿರಿ ಎಂದು ಕೇಳಿದರೆ ಅವರಿಗೆ ಹೇಳಲು ತೋಚುತ್ತಿರಲಿಲ್ಲ. ಕೆಲಸವೆಂಬುದು ಸಂಬಳದ ಜೊತೆಗೆ ದಿನಕ್ಕೊಂದು ಕಟ್ಟು, ಮನೆಯಾಚೆಗಿನ ಜನರ ಸಂಪರ್ಕ, ಒಂದು ಸ್ಥಾನಮಾನ ಇವನ್ನೂ ಕೊಡುತ್ತದೆ ಎಂದು ಯಹೋದಾ ಮುಂದೆ ವಾದಿಸಿದರು.

ಸ್ಪರ್ಧಾರ್ಥಿಯ ವಿಚಿತ್ರವೇನೆಂದರೆ ಅವನು ನಿರುದ್ಯೋಗಿಯಾದರೂ ಅವನ ದಿನಕ್ಕೆ ಕಟ್ಟುಪಾಡು ಇದೆ, ಜೊತೆಗಾರರಿದ್ದಾರೆ, ‘ಓದುತ್ತಿದ್ದಾನೆ’ ಎಂಬ ಹೆಸರೂ ಇದೆ. ಸಂಬಳವೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಅಭ್ಯರ್ಥಿತನವೇ ಕೊಡುತ್ತದೆ. ಆದ್ದರಿಂದಲೇ ಅದನ್ನು ಬಿಡುವುದು ಅಷ್ಟು ಕಷ್ಟ. ನೇಮಕಾತಿ ಕಾಲಕಾಲಕ್ಕೆ ನಡೆಯಬೇಕೆಂದು ಬೀದಿಗಿಳಿದು ಕೇಳುವುದು ಅಗತ್ಯ. ಆದರೆ ಅದು ನಡೆಯುವವರೆಗೆ ಈ ಸಹೋದರರು ಮಲಗುವುದೂ ಏಳುವುದೂ ಇದ್ದೇ ಇದೆಯಲ್ಲ.

ಹಳೆಯ ಅಭ್ಯರ್ಥಿ

ನನಗೆ ನೆರವಾದ ಒಂದು ವಿಷಯ ಹೇಳುತ್ತೇನೆ. ನಮ್ಮ ಬಗ್ಗೆ ನಮಗೆ ಗೊತ್ತಿಲ್ಲದ, ಇತರರಿಗೆ ಗೊತ್ತಿರುವ ಒಂದು ಭಾಗ ಇರುತ್ತದೆ ಎಂದು ಲುಫ್ಟ್ ಮತ್ತು ಇಂಗಮ್ ಎಂಬುವರು 1955ರಲ್ಲಿ ಒಂದು ಚೌಕದ ಚಿತ್ರ ಬರೆದು ತೋರಿಸಿದ್ದರು. ಇಲಾಖೆಯ ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟರು. ತರಬೇತಿ ನೀರಸವಾಗಿತ್ತು, ಆದರೆ ಆ ಚೌಕ ತಲೆಯಲ್ಲಿ ಉಳಿಯಿತು. ಹಳೆಯ ಕೊಠಡಿಯ ಗೆಳೆಯನಿಗೆ ಫೋನ್ ಮಾಡಿ, ನಾನು ಯಾವಾಗ ಸಂತೋಷವಾಗಿದ್ದದ್ದನ್ನು ನೀನು ನೋಡಿದ್ದೀಯ ಎಂದು ಕೇಳಿದೆ. ಅವನು ಒಂದು ಕ್ಷಣವೂ ತಡಮಾಡದೆ, ‘ಹೊಸದಾಗಿ ಬಂದ ಹುಡುಗರಿಗೆ ಗಣಿತ ಹೇಳಿಕೊಡುವಾಗ’ ಎಂದ. ಅದು ಓದಿಗೆ ಅಡ್ಡಿಯಾಗುವ ಕೆಲಸವೆಂದೇ ನಾನು ಭಾವಿಸಿದ್ದೆ. ಈಗ ಭಾನುವಾರ ಬೆಳಗ್ಗೆ ಸರ್ಕಾರಿ ವಿದ್ಯಾರ್ಥಿನಿಲಯದ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ.

ತುಂಗಾತೀರ

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು. ಎರಡು ವಾರಗಳಿಗಿಂತ ಹೆಚ್ಚು ಕಾಲ ಬಹುತೇಕ ಪ್ರತಿದಿನವೂ ಮನಸ್ಸು ಕುಗ್ಗಿದ್ದು, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ನಿದ್ದೆ ಮತ್ತು ಊಟ ಕೆಟ್ಟಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ, ಆಗ ಆತ್ಮಾವಲೋಕನದ ಮಾತು ಪಕ್ಕಕ್ಕಿರಲಿ, ವೈದ್ಯರನ್ನು ಕಾಣಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಇದು 2022ರ ಅಕ್ಟೋಬರ್ 10ರಂದು ಆರಂಭವಾದದ್ದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಧಾರವಾಡದಲ್ಲಿರುವವರಿಗೆ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಊರಿನಲ್ಲೇ ಇದೆ. ತಾಲ್ಲೂಕು ಮಟ್ಟದವರಿಗೂ 1996ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಜಿಲ್ಲಾ ಆಸ್ಪತ್ರೆಯ ಸೇವೆಯಿದೆ.

ಸಂಶಯಾತ್ಮ

ಸಣ್ಣ ತಿದ್ದುಪಡಿ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದದ್ದು 1982ರಲ್ಲಿ. 1996ರಲ್ಲಿ ಬಂದದ್ದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಅದಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ.

ತುಂಗಾತೀರ

ತಿದ್ದಿದ್ದಕ್ಕೆ ಧನ್ಯವಾದ. ಯಾವ ವರ್ಷದ್ದಾದರೂ ಸರಿ, ಹೋಗಿ ತೋರಿಸಿಕೊಳ್ಳಿ.

ಮಲೆನಾಡ ಸೊಸೆ

ಸಮಾಲೋಚಕಿಯವರಿಗೆ ಒಂದು ಪ್ರಶ್ನೆ. ನಡೆದದ್ದನ್ನು ಬರೆದಿಡಿ ಎಂದಿರಿ. ಕೊಠಡಿಯಲ್ಲಿ ನಾಲ್ವರು ಇರುವ ಹುಡುಗರೂ ಕೂಡು ಕುಟುಂಬದಲ್ಲಿರುವ ನಮ್ಮಂಥವರೂ ಬರೆದದ್ದನ್ನು ಇಡುವುದೆಲ್ಲಿ? ನಮ್ಮ ಮನೆಯಲ್ಲಿ ಬೀಗ ಹಾಕುವ ಕಪಾಟು ಒಂದೇ ಇದೆ, ಅದರ ಕೀಲಿ ಅತ್ತೆಯವರ ಸೊಂಟದಲ್ಲಿದೆ.

ಸಮಾಲೋಚಕಿ, ಹುಬ್ಬಳ್ಳಿ

ಇಡಬೇಕಾಗಿಯೇ ಇಲ್ಲ. ಮನಸ್ಸಿನ ಭಾರವನ್ನು ಬರೆದು ಇಳಿಸಿಕೊಳ್ಳುವುದರ ಬಗ್ಗೆ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಮೊದಲ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ಸತತವಾಗಿ ನಾಲ್ಕು ದಿನ ಬರೆದರು, ಅಷ್ಟೆ. ಬರೆಯುವಾಗ ಮನಸ್ಸು ಇನ್ನಷ್ಟು ಕಲಕಿತಾದರೂ, ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿಗೆ ಹೋದದ್ದು ಇತರರಿಗಿಂತ ಕಡಿಮೆ. ಉಪಯೋಗವಿರುವುದು ಬರೆಯುವ ಕ್ರಿಯೆಯಲ್ಲಿ. ಕಾಗದ ಉಳಿಯಬೇಕಾದ ಅಗತ್ಯವಿಲ್ಲ. ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಬರೆದು ಹರಿದುಹಾಕಿ.

ಮಲೆನಾಡ ಸೊಸೆ

ಹರಿಯುವುದೇಕೆ, ಬಚ್ಚಲಿನ ಒಲೆ ಇದೆ. ಆದರೆ ಯಾವ ಹೆಸರಿನಲ್ಲಿ ಬರೆಯಲಿ ಎಂಬುದನ್ನು ಮಾತ್ರ ನಾನೇ ನಿರ್ಧರಿಸುತ್ತೇನೆ.

ಬಯಲುಸೀಮೆ

ಪ್ರಶ್ನೆಪತ್ರಿಕೆಗಳಿಗೆ ಸಪ್ತಾಪುರದಲ್ಲಿ ಕೊರತೆಯಿಲ್ಲ. ಬೇಕಾದವರು ನನ್ನ ಕೊಠಡಿಯಿಂದ ಒಯ್ಯಬಹುದು, ನಾನೂ ಅಲ್ಲಿಯವನೇ.